ಬೀಗ ಮತ್ತು ಮುದ್ರೆ: ಡೇಟಾಬೇಸಿನೊಳಗೆ ಹ್ಯಾಷ್ ಹಾಗೂ ಗೂಢಲಿಪಿಯ ಬಳಕೆ

ವಾರ್ಷಿಕ ವಹಿವಾಟು ಐದು ಕೋಟಿ ರೂಪಾಯಿಗಳನ್ನು ಮೀರಿದ ವರ್ತಕರು ಇತರ ನೋಂದಾಯಿತ ವರ್ತಕರಿಗೆ ನೀಡುವ ಬಿಲ್ಲುಗಳನ್ನು ಇ-ಇನ್‌ವಾಯ್ಸ್ ಪೋರ್ಟಲಿನಲ್ಲಿ ನೋಂದಾಯಿಸುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಹೀಗೆ ನೋಂದಣಿಯಾದ ಪ್ರತಿಯೊಂದು ಬಿಲ್ಲಿನ ಮೇಲೂ 64 ಅಕ್ಷರಗಳ ಉದ್ದನೆಯ ಗುರುತೊಂದು ಮುದ್ರಿತವಾಗಿರುತ್ತದೆ. ಐ.ಆರ್.ಎನ್. ಎಂದು ಕರೆಯಲಾಗುವ ಈ ಗುರುತನ್ನು ಸರ್ಕಾರವು ಸರದಿಯ ಪ್ರಕಾರ ಕೊಡುವ ಕ್ರಮಸಂಖ್ಯೆಯೆಂದು ಭಾವಿಸುವವರುಂಟು. ಅದು ಕ್ರಮಸಂಖ್ಯೆಯಲ್ಲ. ಮಾರಾಟಗಾರನ ಜಿ.ಎಸ್.ಟಿ. ನೋಂದಣಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ವಿಧ ಮತ್ತು ಬಿಲ್ಲಿನ ಸಂಖ್ಯೆ, ಈ ನಾಲ್ಕನ್ನು ಜೋಡಿಸಿ ಶಾ-256 ಎಂಬ ಗಣಿತ ವಿಧಾನಕ್ಕೆ ಒಳಪಡಿಸಿದಾಗ ದೊರೆಯುವ ಫಲಿತವೇ ಅದು. ಇಂಥ ಫಲಿತಕ್ಕೆ ಹ್ಯಾಷ್ ಎಂದು ಹೆಸರು.

ಅದೇ ವರ್ಷದಲ್ಲಿ ಅದೇ ಬಿಲ್ಲಿನ ಸಂಖ್ಯೆಯನ್ನು ಇನ್ನೊಮ್ಮೆ ಸಲ್ಲಿಸಿದರೆ ಅದೇ ಹ್ಯಾಷ್ ಬರುತ್ತದೆ. ಪೋರ್ಟಲು ಅದನ್ನು ನಕಲೆಂದು ಗುರುತಿಸಿ ತಿರಸ್ಕರಿಸುತ್ತದೆ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಹ್ಯಾಷಿಗೆ ಸೇರಿದ ಆ ನಾಲ್ಕು ವಿವರಗಳಲ್ಲಿ ಬಿಲ್ಲಿನ ಮೊತ್ತ ಇಲ್ಲ. ಮೊತ್ತವನ್ನು ಯಾರಾದರೂ ತಿದ್ದಿದರೆ ಐ.ಆರ್.ಎನ್. ಅದನ್ನು ಹೇಳಲಾರದು, ಆ ಹೊಣೆ ಪೋರ್ಟಲಿನ ಡಿಜಿಟಲ್ ಸಹಿಯದು. ಹ್ಯಾಷಿನೊಳಗೆ ಏನು ಹೋಗಿದೆಯೋ ಅಷ್ಟಕ್ಕೆ ಮಾತ್ರ ಅದರ ಕಾವಲು.

ಇಂಥದೇ ಸಾಧನಗಳು ಇಂದು ವರ್ತಕರ ಸ್ವಂತ ಗಣಕಯಂತ್ರಗಳಲ್ಲಿಯೂ ಇವೆ. ಲೆಕ್ಕಪತ್ರ, ದಾಸ್ತಾನು, ಗ್ರಾಹಕರ ವಿವರ ಮುಂತಾದವನ್ನು ಕೋಷ್ಟಕಗಳ ರೂಪದಲ್ಲಿಟ್ಟುಕೊಳ್ಳುವ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಮೊದಲಾದ ಡೇಟಾಬೇಸುಗಳೆಲ್ಲವೂ ಹ್ಯಾಷ್ ಮತ್ತು ಗೂಢಲಿಪಿಯ ಫಂಕ್ಷನ್‌ಗಳನ್ನು ಹೊಂದಿವೆ. ಪ್ರೋಗ್ರಾಮರನು ಒಂದು ಸಾಲಿನ ಆದೇಶದಿಂದ ಇಡೀ ಕಾಲಮ್ಮನ್ನು ಓದಲಾಗದಂತೆ ಮಾಡಬಲ್ಲನು. ಕೆಲಸ ಇಷ್ಟು ಸುಲಭವಾದುದರಿಂದಲೇ ಅದನ್ನು ತಪ್ಪಾಗಿ ಮಾಡುವುದೂ ಸುಲಭವಾಗಿದೆ. ಓದಲಾಗದ ಅಕ್ಷರಗಳನ್ನು ತೆರೆಯ ಮೇಲೆ ಕಂಡ ಮಾಲೀಕನು ನಿಶ್ಚಿಂತನಾಗುತ್ತಾನೆ; ಕಳ್ಳನು ನಿರಾಶನಾಗಿರಬೇಕೆಂದೇನೂ ಇಲ್ಲ.

ವಿವರಣೆಯ ಅನುಕೂಲಕ್ಕಾಗಿ ಶಿವಮೊಗ್ಗದಲ್ಲಿ ಒಂದು ಅಡಿಕೆ ಮಂಡಿಯನ್ನು ಕಲ್ಪಿಸಿಕೊಳ್ಳಬಹುದು. ಮಂಡಿಯ ಡೇಟಾಬೇಸಿನಲ್ಲಿ ಬೆಳೆಗಾರರ ಹೆಸರು, ಮೊಬೈಲ್ ಸಂಖ್ಯೆ, ಪ್ಯಾನ್, ಬ್ಯಾಂಕ್ ಖಾತೆಯ ಸಂಖ್ಯೆ, ಮುಂಗಡ ಸಾಲದ ಬಾಕಿ ಇತ್ಯಾದಿ ಇವೆ. ಬೆಳೆಗಾರರು ತಮ್ಮ ಲೆಕ್ಕವನ್ನು ತಾವೇ ನೋಡಿಕೊಳ್ಳಲು ಪಾಸ್‌ವರ್ಡ್ ನೀಡಲಾಗಿದೆ. ಇವುಗಳಲ್ಲಿ ಯಾವುದಕ್ಕೆ ಮುದ್ರೆ, ಯಾವುದಕ್ಕೆ ಬೀಗ ಎಂಬುದು ಪ್ರಶ್ನೆ.

ಹ್ಯಾಷ್ ಮುದ್ರೆಯಿದ್ದಂತೆ. ಯಾವುದೇ ಉದ್ದದ ಪಠ್ಯವನ್ನು ಕೊಟ್ಟರೂ ನಿಗದಿತ ಉದ್ದದ ಗುರುತು ಬರುತ್ತದೆ. ಒಂದಕ್ಷರ ಬದಲಾದರೆ ಗುರುತು ಗುರುತಿಸಲಾರದಷ್ಟು ಬದಲಾಗುತ್ತದೆ. ಗುರುತಿನಿಂದ ಮೂಲಪಠ್ಯವನ್ನು ಲೆಕ್ಕ ಹಾಕಿ ಹಿಂದಕ್ಕೆ ತರುವ ಮಾರ್ಗವಿಲ್ಲ. ಇದಕ್ಕೆ ಕೀಲಿಕೈ ಇಲ್ಲ. ಗೂಢಲಿಪಿಯಾದರೋ ಬೀಗ. ಕೀಲಿಕೈ ಇದ್ದವನು ಅದನ್ನು ತೆರೆದು ಒಳಗಿರುವುದನ್ನು ಮೊದಲಿದ್ದಂತೆಯೇ ಪಡೆಯಬಹುದು. ಮಂಡಿಯು ಬೆಳೆಗಾರನ ಖಾತೆಗೆ ಹಣ ಕಳುಹಿಸಬೇಕಾದ್ದರಿಂದ ಖಾತೆಯ ಸಂಖ್ಯೆ ಅದಕ್ಕೆ ಮರಳಿ ಬೇಕು. ಅಲ್ಲಿ ಬೀಗವೇ ಸರಿ. ಬೆಳೆಗಾರನ ಪಾಸ್‌ವರ್ಡ್ ಏನೆಂದು ಮಂಡಿಗೆ ತಿಳಿಯಬೇಕಾದ ಅಗತ್ಯ ಎಂದೂ ಇಲ್ಲ; ಅವನು ಟೈಪಿಸಿದ್ದು ಸರಿಯೋ ತಪ್ಪೋ ಎಂದು ತಿಳಿದರೆ ಸಾಕು. ಅಲ್ಲಿ ಮುದ್ರೆ ಸಾಕು, ಬೀಗ ಕೂಡದು.

ಹಳೆಯ ಮುದ್ರೆಗಳು

ಹ್ಯಾಷ್ ವಿಧಾನಗಳಿಗೂ ಆಯಸ್ಸುಂಟು. ರೊನಾಲ್ಡ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಬಹುಕಾಲ ಎಲ್ಲೆಡೆ ಬಳಕೆಯಲ್ಲಿತ್ತು. 2004ರಲ್ಲಿ ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಎರಡು ಬೇರೆ ಬೇರೆ ಪಠ್ಯಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಿ ತೋರಿಸಿದರು. ಶಾ-1ಕ್ಕೂ 2017ರಲ್ಲಿ ಅದೇ ಗತಿ ಬಂದಿತು. ಗೂಗಲ್ ಸಂಸ್ಥೆ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಒಂದೇ ಹ್ಯಾಷ್ ಉಳ್ಳ ಎರಡು ಭಿನ್ನ ಕಡತಗಳನ್ನು ಪ್ರಕಟಿಸಿದರು. ಹಳೆಯ ಪ್ರೋಗ್ರಾಮುಗಳು ಕೆಟ್ಟು ನಿಲ್ಲದಿರಲೆಂದು ಡೇಟಾಬೇಸುಗಳು ಈ ಎರಡು ಫಂಕ್ಷನ್‌ಗಳನ್ನು ಬಹುಕಾಲ ಉಳಿಸಿಕೊಂಡಿವೆ. ಲಭ್ಯವಿದೆ ಎಂಬುದು ಬಳಸಲು ಯೋಗ್ಯವೆಂಬುದಕ್ಕೆ ಸಾಕ್ಷಿಯಲ್ಲ. ಹೊಸ ಕೆಲಸಕ್ಕೆ ಶಾ-256 ಅಥವಾ ಅದಕ್ಕಿಂತ ದೊಡ್ಡದನ್ನೇ ಆರಿಸಬೇಕು.

ವಿಧಾನ ಸರಿಯಿದ್ದರೂ ಅದಕ್ಕೆ ಕೊಡುವ ಪಠ್ಯವನ್ನು ಸಿದ್ಧಪಡಿಸುವಲ್ಲಿ ಎಡವುವುದುಂಟು. ಇ-ಇನ್‌ವಾಯ್ಸ್ ಪೋರ್ಟಲಿನಲ್ಲಿ 2025ರ ಜೂನ್ 1ರಿಂದ ಬಿಲ್ಲಿನ ಸಂಖ್ಯೆಯ ಇಂಗ್ಲಿಷ್ ಅಕ್ಷರಗಳನ್ನೆಲ್ಲ ದೊಡ್ಡಕ್ಷರಕ್ಕೆ ಪರಿವರ್ತಿಸಿದ ನಂತರವೇ ಐ.ಆರ್.ಎನ್. ರಚಿಸುವ ಕ್ರಮ ಜಾರಿಗೆ ಬಂದಿದೆ. ಕಾರಣ ಸರಳ: ಮನುಷ್ಯನ ಕಣ್ಣಿಗೆ ಒಂದೇ ಬಿಲ್ಲು, ಹ್ಯಾಷಿನ ದೃಷ್ಟಿಯಲ್ಲಿ ಎರಡು.

ಕನ್ನಡದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾದುದು. ‘ಕೊ’ ಎಂಬಲ್ಲಿನ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಹಾಗೂ ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಹ್ಯಾಷ್ ಬೇರೆ. ಒಂದು ಕೀಲಿಮಣೆಯಿಂದ ನಮೂದಿಸಿದ ‘ಕೊಪ್ಪ’ ಇನ್ನೊಂದು ತಂತ್ರಾಂಶದಿಂದ ಬಂದ ‘ಕೊಪ್ಪ’ಕ್ಕೆ ಹೊಂದದಿದ್ದರೆ ಗುಮಾಸ್ತನು ದಿನವಿಡೀ ಹುಡುಕಿದರೂ ದೋಷ ಕಾಣಿಸದು. ಹ್ಯಾಷ್ ಮಾಡುವ ಮೊದಲು ಪಠ್ಯವನ್ನು ಯೂನಿಕೋಡಿನ ಒಂದು ನಿಗದಿತ ರೂಪಕ್ಕೆ ತರುವುದೇ ಇದಕ್ಕೆ ಪರಿಹಾರ.

ಅನೇಕ ಕಾಲಮ್ಮುಗಳನ್ನು ಜೋಡಿಸಿ ಹ್ಯಾಷ್ ಮಾಡುವಾಗ ನಡುವೆ ವಿಭಜಕ ಚಿಹ್ನೆ ಇರಲೇಬೇಕು. ಚೀಟಿ ಸಂಖ್ಯೆ 12, ಮೊತ್ತ 345 ಎಂಬುದೂ ಚೀಟಿ ಸಂಖ್ಯೆ 123, ಮೊತ್ತ 45 ಎಂಬುದೂ ಒತ್ತೊತ್ತಾಗಿ ಜೋಡಿಸಿದರೆ 12345 ಆಗಿ ಒಂದೇ ಹ್ಯಾಷ್ ಕೊಡುತ್ತವೆ. ಮೈಎಸ್‌ಕ್ಯೂಎಲ್‌ನ ಕಾನ್‌ಕ್ಯಾಟ್ ಫಂಕ್ಷನ್ನಿಗೆ ಕೊಟ್ಟ ಕಾಲಮ್ಮುಗಳಲ್ಲಿ ಒಂದು ಖಾಲಿ, ಅಂದರೆ ನಲ್ ಆಗಿದ್ದರೂ ಇಡೀ ಜೋಡಣೆಯೇ ನಲ್ ಆಗಿ, ಹ್ಯಾಷೂ ನಲ್ ಆಗುತ್ತದೆ. ದೋಷಸೂಚನೆ ಬರುವುದಿಲ್ಲ. ಮುದ್ರೆಯಿಲ್ಲದ ಸಾಲು ಮುದ್ರೆಯಿರುವ ಸಾಲುಗಳ ನಡುವೆ ಮೌನವಾಗಿ ಕುಳಿತಿರುತ್ತದೆ.

ಪಾಸ್‌ವರ್ಡಿಗೆ ವೇಗ ಬೇಡ

2012ರ ಜೂನ್ ತಿಂಗಳಿನಲ್ಲಿ ಲಿಂಕ್ಡ್‌ಇನ್ ಸಂಸ್ಥೆಯ ಸುಮಾರು 65 ಲಕ್ಷ ಪಾಸ್‌ವರ್ಡ್ ಹ್ಯಾಷುಗಳು ಬಹಿರಂಗಗೊಂಡವು. ಸೋರಿಕೆ ಹತ್ತು ಕೋಟಿಗೂ ಹೆಚ್ಚು ಖಾತೆಗಳದೆಂಬುದು 2016ರಲ್ಲಿ ತಿಳಿದುಬಂದಿತು. ಪಾಸ್‌ವರ್ಡುಗಳನ್ನು ಆ ಸಂಸ್ಥೆ ಹಾಗೆಯೇ ಇಟ್ಟಿರಲಿಲ್ಲ, ಶಾ-1 ಹ್ಯಾಷ್ ಮಾಡಿ ಇಟ್ಟಿತ್ತು. ಆದರೂ ಅವುಗಳಲ್ಲಿ ಬಹುಪಾಲು ಒಡೆದುಹೋದವು. ಕಾರಣಗಳು ಎರಡು. ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರೆಲ್ಲರ ಹ್ಯಾಷ್ ಒಂದೇ ಆಗಿದ್ದಿತು. ಆದ್ದರಿಂದ ಒಮ್ಮೆ ಊಹಿಸಿದರೆ ಸಾವಿರಾರು ಖಾತೆಗಳು ಒಟ್ಟಿಗೆ ತೆರೆದವು. ಎರಡನೆಯದಾಗಿ, ಶಾ ವರ್ಗದ ವಿಧಾನಗಳನ್ನು ವೇಗಕ್ಕಾಗಿಯೇ ರೂಪಿಸಲಾಗಿದೆ. ಇಂದಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ನೂರಾರು ಕೋಟಿ ಹ್ಯಾಷುಗಳನ್ನು ಲೆಕ್ಕ ಹಾಕಬಲ್ಲದು. ಕಳ್ಳನು ಹ್ಯಾಷನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ನಿಘಂಟಿನ ಪದಗಳು, ಹೆಸರುಗಳು, ಜನ್ಮದಿನಗಳನ್ನು ಮುಂದಕ್ಕೆ ಹ್ಯಾಷ್ ಮಾಡುತ್ತ ಹೋಲಿಸುತ್ತಾನೆ.

ಮೊದಲನೆಯ ದೋಷಕ್ಕೆ ಮದ್ದು 1979ರಷ್ಟು ಹಳೆಯದು. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನ ಪಾಸ್‌ವರ್ಡಿಗೂ ಒಂದು ಯಾದೃಚ್ಛಿಕ ಚೂರನ್ನು ಬೆರೆಸಿ ಹ್ಯಾಷ್ ಮಾಡುವ ಕ್ರಮವನ್ನು ವಿವರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಉಪ್ಪು. ಇಂದಿಗೂ ಸಾಲ್ಟ್ ಎಂದೇ ಪ್ರಸಿದ್ಧ. ಉಪ್ಪು ಗುಟ್ಟಾಗಿರಬೇಕಿಲ್ಲ, ಹ್ಯಾಷಿನ ಪಕ್ಕದಲ್ಲಿಯೇ ಇರಬಹುದು. ಪ್ರತಿಯೊಬ್ಬರಿಗೂ ಬೇರೆಯಾಗಿರಬೇಕು, ಅಷ್ಟೇ. ಎರಡನೆಯ ದೋಷಕ್ಕೆ 1999ರಲ್ಲಿ ನೀಲ್ಸ್ ಪ್ರೊವೊಸ್ ಮತ್ತು ಡೇವಿಡ್ ಮಾಜಿಯೆರ್ ಬಿಕ್ರಿಪ್ಟ್ ಎಂಬ ವಿಧಾನವನ್ನು ನೀಡಿದರು. ಇದು ಉದ್ದೇಶಪೂರ್ವಕವಾಗಿ ನಿಧಾನ. ಅದರ ಶ್ರಮಾಂಕವನ್ನು ಒಂದು ಹೆಚ್ಚಿಸಿದರೆ ತಗಲುವ ಸಮಯ ಎರಡರಷ್ಟಾಗುತ್ತದೆ. ಬೆಳೆಗಾರನೊಬ್ಬ ಲಾಗಿನ್ ಆಗಲು ಕಾಲು ಸೆಕೆಂಡು ಹೆಚ್ಚು ಕಾದರೆ ನಷ್ಟವಿಲ್ಲ. ಕೋಟಿ ಊಹೆಗಳನ್ನು ಮಾಡಬೇಕಾದ ಕಳ್ಳನಿಗೆ ಅದೇ ಕಾಲು ಸೆಕೆಂಡು ವಾರಗಳಾಗಿ ಬೆಳೆಯುತ್ತದೆ.

ಪೋಸ್ಟ್‌ಗ್ರೆಸ್‌ನ ಪಿಜಿಕ್ರಿಪ್ಟೋ ಎಂಬ ವಿಸ್ತರಣೆಯಲ್ಲಿ ಬಿಕ್ರಿಪ್ಟ್ ಸಿದ್ಧವಾಗಿಯೇ ಇದೆ. ಜೆನ್_ಸಾಲ್ಟ್ ಉಪ್ಪನ್ನು ಒದಗಿಸುತ್ತದೆ, ಕ್ರಿಪ್ಟ್ ಫಂಕ್ಷನ್ ಹ್ಯಾಷ್ ಮಾಡುತ್ತದೆ, ಉಪ್ಪು ಫಲಿತದೊಳಗೆಯೇ ಸೇರಿರುವುದರಿಂದ ಪ್ರತ್ಯೇಕ ಕಾಲಂ ಬೇಡ. ಆದರೆ ಅದರ ಪೂರ್ವನಿಯೋಜಿತ ಶ್ರಮಾಂಕ 6 ಮಾತ್ರ. ಇಂದಿನ ಯಂತ್ರಗಳಿಗೆ ಇದು ಸಾಲದು, 10 ಅಥವಾ ಅದಕ್ಕಿಂತ ಹೆಚ್ಚಿನದನ್ನು ಸ್ಪಷ್ಟವಾಗಿ ಸೂಚಿಸಬೇಕು. ಬಿಕ್ರಿಪ್ಟ್ ಪಾಸ್‌ವರ್ಡಿನ ಮೊದಲ 72 ಬೈಟುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟು ಬೇಕಾಗುವುದರಿಂದ, ಕನ್ನಡ ಪಾಸ್‌ವರ್ಡಿನಲ್ಲಿ ಗುಣಿತ, ಒತ್ತುಗಳೂ ಸೇರಿ 24 ಸಂಕೇತಗಳ ಆಚೆಗಿರುವುದು ವ್ಯರ್ಥ. ಮೈಎಸ್‌ಕ್ಯೂಎಲ್‌ನಲ್ಲಿ ಬಿಕ್ರಿಪ್ಟ್ ಅಂತರ್ಗತವಾಗಿಲ್ಲ. ಅಲ್ಲಿದ್ದ ಪಾಸ್‌ವರ್ಡ್ ಎಂಬ ಫಂಕ್ಷನ್ ಆ ಡೇಟಾಬೇಸಿನ ಸ್ವಂತ ಬಳಕೆದಾರರಿಗಾಗಿ ಇದ್ದದ್ದು. ಹೆಸರನ್ನು ನಂಬಿ ಅನೇಕರು ಅದನ್ನು ಗ್ರಾಹಕರ ಪಾಸ್‌ವರ್ಡಿಗೂ ಬಳಸಿದರು, 8.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದಾಗ ಅಂಥವರ ಪ್ರೋಗ್ರಾಮುಗಳು ನಿಂತವು. ಮೈಎಸ್‌ಕ್ಯೂಎಲ್ ಬಳಸುವವರು ಪಾಸ್‌ವರ್ಡಿನ ಹ್ಯಾಷನ್ನು ಡೇಟಾಬೇಸಿನ ಹೊರಗೆ, ಪ್ರೋಗ್ರಾಮಿನಲ್ಲಿ ಬಿಕ್ರಿಪ್ಟ್ ಅಥವಾ ಆರ್ಗಾನ್2 ಮೂಲಕ ಮಾಡುವುದೇ ಲೇಸು.

ಎಣಿಸಬಹುದಾದದ್ದನ್ನು ಹ್ಯಾಷ್ ಅಡಗಿಸದು

ಪಾಸ್‌ವರ್ಡಿಗೆ ಹ್ಯಾಷ್ ಒದಗಿತೆಂದು ಅದನ್ನೇ ಮೊಬೈಲ್ ಸಂಖ್ಯೆ, ಪ್ಯಾನ್, ಆಧಾರ್‌ಗಳಿಗೂ ಹಚ್ಚುವ ಪರಿಪಾಠವಿದೆ. ಇದು ಬರಿಯ ಭ್ರಮೆ. ಭಾರತದ ಮೊಬೈಲ್ ಸಂಖ್ಯೆಗೆ 10 ಅಂಕಿಗಳು. ಮೊದಲನೆಯದು 6ರಿಂದ 9ರೊಳಗೆ ಇರುತ್ತದೆ. ಒಟ್ಟು ಸಾಧ್ಯತೆ 400 ಕೋಟಿ. ಮೇಲೆ ಹೇಳಿದ ಗ್ರಾಫಿಕ್ಸ್ ಕಾರ್ಡಿಗೆ ಇದು ಕೆಲವು ಸೆಕೆಂಡುಗಳ ಕೆಲಸ. ಆಧಾರ್ ಸಂಖ್ಯೆಗೆ 12 ಅಂಕಿಗಳಿದ್ದರೂ ಅದು 0 ಅಥವಾ 1ರಿಂದ ಆರಂಭವಾಗುವುದಿಲ್ಲ, ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಆದ್ದರಿಂದ ಸಾಧ್ಯತೆಗಳು 8,000 ಕೋಟಿ. ವ್ಯಕ್ತಿಗಳ ಪ್ಯಾನಿನಲ್ಲಿ ನಾಲ್ಕನೆಯ ಅಕ್ಷರ ‘ಪಿ’ ಎಂದು ನಿಶ್ಚಿತ. ಉಳಿದ ಐದು ಅಕ್ಷರ, ನಾಲ್ಕು ಅಂಕಿಗಳ ಸಾಧ್ಯತೆ 12,000 ಕೋಟಿಗಿಂತ ಕಡಿಮೆ. ಇವೆಲ್ಲವನ್ನೂ ಒಂದೊಂದಾಗಿ ಹ್ಯಾಷ್ ಮಾಡಿ ಹೋಲಿಸಲು ಕೆಲವು ನಿಮಿಷಗಳು ಸಾಕು. ಎಲ್ಲರಿಗೂ ಒಂದೇ ಉಪ್ಪನ್ನು ಬೆರೆಸಿ, ಅದನ್ನೂ ಡೇಟಾಬೇಸಿನಲ್ಲಿಯೇ ಇಟ್ಟರೆ ಪರಿಸ್ಥಿತಿ ಸುಧಾರಿಸದು.

ಇಂಥ ಸಂಖ್ಯೆಗಳಿಗೆ ಕೀಲಿಯುಳ್ಳ ಹ್ಯಾಷ್, ಅಂದರೆ ಎಚ್‌ಮ್ಯಾಕ್ ಬೇಕು. ಗುಟ್ಟಾದ ಕೀಲಿಯನ್ನು ಬೆರೆಸಿಯೇ ಅದು ಗುರುತನ್ನು ರಚಿಸುತ್ತದೆ. ಕೀಲಿ ತಿಳಿಯದವನು ಎಣಿಸುತ್ತ ಹೋಗುವಂತಿಲ್ಲ. ಮೂಲಸಂಖ್ಯೆ ಮರಳಿ ಬೇಕಿದ್ದರೆ ಗೂಢಲಿಪಿಯೇ ಗತಿ. ಕಾರ್ಡ್ ಸಂಖ್ಯೆಗಳ ವಿಷಯದಲ್ಲಿ ಈ ಚರ್ಚೆಯೇ ಮುಗಿದಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2022ರ ಅಕ್ಟೋಬರ್ 1ರಿಂದ ವರ್ತಕರು ಗ್ರಾಹಕರ ಪೂರ್ಣ ಕಾರ್ಡ್ ವಿವರಗಳನ್ನು ಇಟ್ಟುಕೊಳ್ಳುವಂತಿಲ್ಲ. ಗೂಢಲಿಪಿಯಲ್ಲಿಟ್ಟಿದ್ದೇವೆಂಬ ಸಮಜಾಯಿಷಿ ಅಲ್ಲಿ ಸಲ್ಲದು.

ಬೀಗದ ಬಗೆ

ಗೂಢಲಿಪಿಗೆ ಇಂದು ಎಲ್ಲ ಡೇಟಾಬೇಸುಗಳೂ ನೆಚ್ಚುವುದು 2001ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಅಂಗೀಕರಿಸಿದ ಎ.ಇ.ಎಸ್. ವಿಧಾನವನ್ನು. ವಿಧಾನದಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಅದನ್ನು ಬಳಸುವ ರೀತಿಯಲ್ಲಿ. ಎ.ಇ.ಎಸ್. 16 ಬೈಟುಗಳ ತುಂಡುಗಳನ್ನು ಒಂದೊಂದಾಗಿ ಮರೆಮಾಡುತ್ತದೆ. ಪ್ರತಿ ತುಂಡನ್ನೂ ಸ್ವತಂತ್ರವಾಗಿ ಮರೆಮಾಡುವ ಇ.ಸಿ.ಬಿ. ಎಂಬ ಕ್ರಮದಲ್ಲಿ ಒಂದೇ ಮೂಲಕ್ಕೆ ಸದಾ ಒಂದೇ ಗೂಢರೂಪ ಬರುತ್ತದೆ. ಮೈಎಸ್‌ಕ್ಯೂಎಲ್‌ನ ಎ.ಇ.ಎಸ್. ಫಂಕ್ಷನ್ ಬೇರೇನನ್ನೂ ಹೇಳದಿದ್ದರೆ ಅನುಸರಿಸುವುದು ಈ ಕ್ರಮವನ್ನೇ.

ಇದರ ಪರಿಣಾಮ ಮಂಡಿಯ ಡೇಟಾಬೇಸಿನಲ್ಲಿ ಹೀಗಾಗುತ್ತದೆ. ‘ಮುಂಗಡ ಸಾಲ: ಇದೆ’ ಅಥವಾ ‘ಇಲ್ಲ’ ಎಂಬ ಕಾಲಮ್ಮನ್ನು ಗೂಢಲಿಪಿಗೆ ತಿರುಗಿಸಿದರೆ ಇಡೀ ಕಾಲಮ್ಮಿನಲ್ಲಿ ಕಾಣುವುದು ಎರಡೇ ಗೂಢರೂಪಗಳು. ಒಬ್ಬ ಪರಿಚಿತ ಬೆಳೆಗಾರನಿಗೆ ಸಾಲವಿದೆಯೆಂದು ತಿಳಿದವನಿಗೆ ಉಳಿದವರೆಲ್ಲರ ಸಾಲವೂ ತಿಳಿಯಿತು. ಕೀಲಿಯ ಅಗತ್ಯವೇ ಬೀಳಲಿಲ್ಲ. 2013ರಲ್ಲಿ ಅಡೋಬಿ ಸಂಸ್ಥೆಯಿಂದ ಸೋರಿದ ಸುಮಾರು 15 ಕೋಟಿ ದಾಖಲೆಗಳಲ್ಲಿ ಇದೇ ನಡೆಯಿತು. ಪಾಸ್‌ವರ್ಡುಗಳಿಗೆ ಅಲ್ಲಿ ಹ್ಯಾಷ್ ಬದಲು ಗೂಢಲಿಪಿಯನ್ನು, ಅದರಲ್ಲೂ ಇ.ಸಿ.ಬಿ. ಕ್ರಮವನ್ನು ಬಳಸಲಾಗಿತ್ತು. ಪಕ್ಕದ ಕಾಲಮ್ಮಿನಲ್ಲಿ ಬಳಕೆದಾರರೇ ಬರೆದುಕೊಂಡ ನೆನಪಿನ ಸುಳಿವುಗಳು ಬಯಲಾಗಿಯೇ ಇದ್ದವು. ಒಂದೇ ಗೂಢರೂಪದ ಎದುರು ನೂರಾರು ಜನರ ಸುಳಿವುಗಳು ಸಾಲಾಗಿ ಸಿಕ್ಕಾಗ ಪಾಸ್‌ವರ್ಡನ್ನು ಊಹಿಸುವುದು ಪದಬಂಧ ಬಿಡಿಸಿದಷ್ಟು ಸುಲಭವಾಯಿತು. ಆದ್ದರಿಂದ ಸಿ.ಬಿ.ಸಿ.ಯಂಥ ಕ್ರಮವನ್ನು ಆರಿಸಿ, ಪ್ರತಿಯೊಂದು ಸಾಲಿಗೂ ಹೊಸ ಯಾದೃಚ್ಛಿಕ ಆರಂಭಾಂಕವನ್ನು ಕೊಟ್ಟು, ಆ ಆರಂಭಾಂಕವನ್ನು ಗೂಢರೂಪದ ಜೊತೆಗೇ ಇಡಬೇಕು. ಪಿಜಿಕ್ರಿಪ್ಟೋದ ಪಿಜಿಪಿ ಫಂಕ್ಷನ್‌ಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ.

ಸಣ್ಣದಾದರೂ ದುಬಾರಿಯಾದ ಇನ್ನೊಂದು ತಪ್ಪು ಕಾಲಮ್ಮಿನ ಬಗೆಗೆ ಸಂಬಂಧಿಸಿದ್ದು. ಗೂಢರೂಪವು ಅಕ್ಷರಮಾಲೆಯಲ್ಲ, ಬೈಟುಗಳ ರಾಶಿ. ಅದನ್ನು ಪಠ್ಯಕ್ಕೆಂದು ಮೀಸಲಾದ ವಾರ್‌ಚಾರ್ ಕಾಲಮ್ಮಿನಲ್ಲಿಟ್ಟರೆ ಅಕ್ಷರಸಂಕೇತಗಳ ಪರಿವರ್ತನೆಯಲ್ಲಿ ಕೆಲವು ಬೈಟುಗಳು ಕೆಟ್ಟು, ಸರಿಯಾದ ಕೀಲಿಯಿಂದಲೂ ಬೀಗ ತೆರೆಯದು. ವಾರ್‌ಬೈನರಿ ಅಥವಾ ಬ್ಲಾಬ್ ಬಗೆಯ ಕಾಲಂ ಬೇಕು. ಅಳತೆಯೂ ಮೂಲಕ್ಕಿಂತ ಹೆಚ್ಚು: 10 ಅಕ್ಷರದ ಪ್ಯಾನಿಗೆ 16 ಬೈಟು, ಕನ್ನಡದಲ್ಲಿ ಬರೆದ ‘ಕರ್ನಾಟಕ’ 21 ಬೈಟಾಗುವುದರಿಂದ ಅದಕ್ಕೆ 32.

ಹಣಕ್ಕೆ ನೇರವಾಗಿ ಸಂಬಂಧಿಸಿದ ಅಪಾಯವೊಂದನ್ನು ಇಲ್ಲಿ ಒತ್ತಿ ಹೇಳಬೇಕು. ಗೂಢಲಿಪಿ ಅಡಗಿಸುತ್ತದೆ, ಆದರೆ ಕಟ್ಟಿಹಾಕುವುದಿಲ್ಲ. ಕೋಷ್ಟಕಕ್ಕೆ ಬರೆಯುವ ಅಧಿಕಾರವುಳ್ಳ ಯಾರಾದರೂ ತನ್ನ ಸಾಲಿನಲ್ಲಿರುವ ಖಾತೆಸಂಖ್ಯೆಯ ಗೂಢರೂಪವನ್ನು ನಕಲು ಮಾಡಿ ದೊಡ್ಡ ಬೆಳೆಗಾರನೊಬ್ಬನ ಸಾಲಿಗೆ ಅಂಟಿಸಿದನೆನ್ನಿ. ಕೀಲಿ ಅವನಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಪಾವತಿಯ ದಿನ ಪ್ರೋಗ್ರಾಮು ಆ ಗೂಢರೂಪವನ್ನು ದೋಷವಿಲ್ಲದೆ ತೆರೆದು, ಬೆಳೆಗಾರನ ಹಣವನ್ನು ಅವನ ಖಾತೆಗೆ ಕಳುಹಿಸುತ್ತದೆ. ಇದನ್ನು ತಡೆಯಲು ಬೆಳೆಗಾರನ ಸಂಕೇತ ಸಂಖ್ಯೆ ಮತ್ತು ಗೂಢರೂಪ ಎರಡನ್ನೂ ಸೇರಿಸಿ, ಬೇರೊಂದು ಕೀಲಿಯಿಂದ ಎಚ್‌ಮ್ಯಾಕ್ ಮಾಡಿ ಅದೇ ಸಾಲಿನಲ್ಲಿಟ್ಟು, ಪಾವತಿಗೆ ಮುನ್ನ ತಾಳೆ ನೋಡಬೇಕು. ಬೀಗದ ಮೇಲೆ ಮುದ್ರೆ ಬೇಕಾಗುವುದು ಇಲ್ಲಿ.

ಕೀಲಿಕೈ ಎಲ್ಲಿದೆ?

ತಿಜೋರಿಗೆ ಬೀಗ ಹಾಕಿ ಕೀಲಿಕೈಯನ್ನು ಅದರ ಹಿಡಿಗೇ ತೂಗುಹಾಕುವ ವರ್ತಕ ಇರಲಾರ. ಡೇಟಾಬೇಸಿನಲ್ಲಿ ಮಾತ್ರ ಇದು ಅಪರೂಪವಲ್ಲ. ಕೀಲಿಯನ್ನು ಅದೇ ಡೇಟಾಬೇಸಿನ ಇನ್ನೊಂದು ಕೋಷ್ಟಕದಲ್ಲಿಟ್ಟರೆ ಬ್ಯಾಕಪ್ ಕದ್ದವನಿಗೆ ಎರಡೂ ಒಟ್ಟಿಗೆ ದೊರೆಯುತ್ತವೆ.

ಕೀಲಿಯನ್ನು ಬೇರೆಡೆ ಇಟ್ಟರೂ ತೊಂದರೆ ಸಂಪೂರ್ಣವಾಗಿ ನಿವಾರಣೆಯಾಗದು. ಡೇಟಾಬೇಸಿನೊಳಗಿನ ಫಂಕ್ಷನ್ನಿಗೆ ಕೀಲಿಯನ್ನು ಕೊಡುವುದೆಂದರೆ ಅದನ್ನು ಆದೇಶದ ಪಠ್ಯದಲ್ಲಿ ಬರೆದು ಕಳುಹಿಸುವುದು. ಸಂಪರ್ಕವು ಟಿ.ಎಲ್.ಎಸ್. ರಕ್ಷಣೆಯಲ್ಲಿ ಇರದಿದ್ದರೆ ಅದು ಜಾಲದಲ್ಲಿ ಬಯಲಾಗಿಯೇ ಸಾಗುತ್ತದೆ. ಸರ್ವರು ಆದೇಶಗಳನ್ನು ಲಾಗ್ ಕಡತದಲ್ಲಿ ದಾಖಲಿಸುತ್ತಿದ್ದರೆ ಕೀಲಿಯೂ ಅಲ್ಲಿ ದಾಖಲಾಗುತ್ತದೆ. ಮೈಎಸ್‌ಕ್ಯೂಎಲ್‌ನ ಕೈಪಿಡಿ ಇದನ್ನು ಸ್ಪಷ್ಟವಾಗಿ ಎಚ್ಚರಿಸುತ್ತದೆ. ಪಿಜಿಕ್ರಿಪ್ಟೋದ ದಾಖಲೆ ಇನ್ನೂ ಮುಂದೆ ಹೋಗಿ, ಸರ್ವರಿನ ಆಡಳಿತಗಾರನನ್ನು ನಂಬಲಾಗದಿದ್ದರೆ ಗೂಢಲಿಪಿಯ ಕೆಲಸವನ್ನು ಡೇಟಾಬೇಸಿನ ಹೊರಗೇ ಮಾಡುವುದು ಉತ್ತಮವೆಂದು ಒಪ್ಪಿಕೊಳ್ಳುತ್ತದೆ. ತನ್ನ ಮಿತಿಯನ್ನು ತಾನೇ ಹೇಳುವ ಇಂಥ ಕೈಪಿಡಿ ಮಾರಾಟಗಾರರ ಕರಪತ್ರಗಳಿಗಿಂತ ಹೆಚ್ಚು ವಿಶ್ವಾಸಾರ್ಹ. ಬಾಡಿಗೆ ಸರ್ವರುಗಳಲ್ಲಿ ಡೇಟಾಬೇಸ್ ಇಟ್ಟಿರುವ ಸಣ್ಣ ಸಂಸ್ಥೆಗಳು ಖಾತೆಸಂಖ್ಯೆಯಂಥ ವಿವರಗಳನ್ನು ತಮ್ಮ ಪ್ರೋಗ್ರಾಮಿನಲ್ಲಿಯೇ ಗೂಢಲಿಪಿಗೆ ತಿರುಗಿಸಿ ಕಳುಹಿಸುವುದು ಮೇಲು.

ಇಡೀ ಡೇಟಾಬೇಸಿನ ಕಡತಗಳನ್ನು ಡಿಸ್ಕಿನ ಮೇಲೆ ಗೂಢಲಿಪಿಯಲ್ಲಿಡುವ ಟಿ.ಡಿ.ಇ. ಎಂಬ ಸೌಲಭ್ಯವನ್ನು ಎಸ್‌ಕ್ಯೂಎಲ್ ಸರ್ವರ್ 2008ರ ಆವೃತ್ತಿಯಿಂದ, ಒರಾಕಲ್ ಅದಕ್ಕೂ ಮೊದಲಿನಿಂದ ಒದಗಿಸಿವೆ. ಡಿಸ್ಕು ಕಳುವಾದರೆ ಅಥವಾ ಗುಜರಿಗೆ ಹೋದರೆ ಅದು ಕಾಪಾಡುತ್ತದೆ. ಆದರೆ ಓದುವ ಅಧಿಕಾರದೊಂದಿಗೆ ಕೇಳಿದವರಿಗೆಲ್ಲ ಡೇಟಾಬೇಸು ಬೀಗ ತೆರೆದೇ ಕೊಡುತ್ತದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಕುಟಿಲ ಆದೇಶವನ್ನು ತುರುಕಿ ಮಾಹಿತಿ ಸೆಳೆಯುವ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿಗೆ ಅದು ಅಡ್ಡಿಯಲ್ಲ.

ಬೀಗ ಹಾಕಿದ ಕಾಲಮ್ಮಿನಲ್ಲಿ ಹುಡುಕುವುದು ಹೇಗೆಂಬುದು ಪ್ರೋಗ್ರಾಮರರ ಸಹಜ ಆಕ್ಷೇಪ. ಪ್ರತಿ ಸಾಲಿನ ಗೂಢರೂಪವೂ ಬೇರೆಯಾದಾಗ ಸೂಚಿ ಕೆಲಸ ಮಾಡದು, ವಿಂಗಡಣೆಯೂ ಸಾಧ್ಯವಿಲ್ಲ. ಪ್ಯಾನಿನ ಗೂಢರೂಪದ ಜೊತೆಗೆ ಅದರ ಎಚ್‌ಮ್ಯಾಕನ್ನು ಇನ್ನೊಂದು ಕಾಲಮ್ಮಿನಲ್ಲಿಟ್ಟು ಅದಕ್ಕೆ ಸೂಚಿ ರಚಿಸಿದರೆ ಪೂರ್ಣ ಸಂಖ್ಯೆಯ ಹುಡುಕಾಟ ಶೀಘ್ರವಾಗಿ ನಡೆಯುತ್ತದೆ. ಭಾಗಶಃ ಹುಡುಕಾಟವನ್ನು ಮಾತ್ರ ಕೈಬಿಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿ ಪಕ್ಕದ ಕಾಲಮ್ಮನ್ನು ಮರೆಯುವುದೂ ಉಂಟು. 15 ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರಗಳು ಪ್ಯಾನೇ. ಏಕಮಾಲೀಕತ್ವದ ವ್ಯಾಪಾರಿಯಾದರೆ ಅದು ಆತನ ವೈಯಕ್ತಿಕ ಪ್ಯಾನ್. ಪ್ಯಾನ್ ಕಾಲಮ್ಮಿಗೆ ಎ.ಇ.ಎಸ್. ಬೀಗ ಹಾಕಿ ಜಿ.ಎಸ್.ಟಿ. ಕಾಲಮ್ಮನ್ನು ಬಯಲಾಗಿಟ್ಟರೆ ಬಾಗಿಲಿಗೆ ಬೀಗ ಹಾಕಿ ಗೋಡೆಯನ್ನೇ ತೆಗೆದಂತೆ. ಆ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಇರುವುದರಿಂದ ಅಂಥವರ ಪ್ಯಾನನ್ನು ಅಡಗಿಸುವ ಪ್ರಯತ್ನಕ್ಕಿಂತ, ಪ್ಯಾನ್ ಒಂದನ್ನೇ ಗುರುತಿನ ಪುರಾವೆಯಾಗಿ ಸ್ವೀಕರಿಸದಿರುವುದು ಹೆಚ್ಚು ಪ್ರಯೋಜನಕರ.

ಕಿರ್ದಿಗೆ ಸರಪಳಿ

ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸಬೇಕು, ಆ ಸೌಲಭ್ಯವನ್ನು ಸ್ಥಗಿತಗೊಳಿಸಲು ಆಗದಂತಿರಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹ್ಯಾಷಿನ ನಿಜವಾದ ಸೊಗಸು ಕಾಣುವುದು ಇಲ್ಲಿ. ಕಿರ್ದಿಯ ಪ್ರತಿಯೊಂದು ನಮೂದಿನ ಹ್ಯಾಷಿನಲ್ಲಿ ಹಿಂದಿನ ನಮೂದಿನ ಹ್ಯಾಷನ್ನೂ ಸೇರಿಸುತ್ತ ಹೋದರೆ ಸಾಲುಗಳೆಲ್ಲ ಸರಪಳಿಯಾಗುತ್ತವೆ. ಜೂನ್ ತಿಂಗಳ ಒಂದು ಮೊತ್ತವನ್ನು ತಿದ್ದಿದರೆ ಅಲ್ಲಿಂದ ಮುಂದಿನ ಕೊಂಡಿಗಳೆಲ್ಲ ತಾಳೆಯಾಗುವುದಿಲ್ಲ. ಮೊತ್ತ 1000 ಎಂದೋ 1000.00 ಎಂದೋ, ದಿನಾಂಕದ ಬರಹ ಯಾವ ಕ್ರಮದಲ್ಲೋ, ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಡೇಟಾಬೇಸಿನ ಪೂರ್ಣಾಧಿಕಾರವುಳ್ಳವನು ಮೊತ್ತವನ್ನು ತಿದ್ದಿ, ಸರಪಳಿಯನ್ನೂ ಪುನಃ ಹೆಣೆಯಬಲ್ಲನು. ಅದಕ್ಕೆ ಉಪಾಯ ಗಣಿತದ್ದಲ್ಲ, ಹಳೆಯ ವಹಿವಾಟಿನ ಜಾಣ್ಮೆಯದು. ದಿನದ ಕೊನೆಯ ಹ್ಯಾಷನ್ನು ಪ್ರತಿ ಸಂಜೆ ಲೆಕ್ಕಪರಿಶೋಧಕರಿಗೆ ಕಳುಹಿಸಿಬಿಟ್ಟರೆ, ಅಥವಾ ಕಾಗದದ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿದರೆ, ಹಿಂದಿನ ದಿನಗಳನ್ನು ಸದ್ದಿಲ್ಲದೆ ತಿದ್ದುವುದು ಅಸಾಧ್ಯವಾಗುತ್ತದೆ. 64 ಅಕ್ಷರ ಬರೆದಿಡಲು ಒಂದು ನಿಮಿಷ ಸಾಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸೂಕ್ತ ಭದ್ರತಾ ಕ್ರಮ ಕೈಗೊಳ್ಳದೆ ಸೋರಿಕೆಗೆ ಎಡೆಮಾಡಿದವರಿಗೆ ₹250 ಕೋಟಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಗೂಢಲಿಪಿಯನ್ನು ಅಂಥ ಕ್ರಮಗಳಲ್ಲಿ ಹೆಸರಿಸಿವೆ. ಭದ್ರತೆಯ ಹೊಣೆಗೆ ಸಂಬಂಧಿಸಿದ ನಿಯಮವು ಪ್ರಕಟಣೆಯಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಗೂಢಲಿಪಿಗೆ ಹೊರಡುವವರು ಕೀಲಿಯ ಆಯಸ್ಸನ್ನೂ ಯೋಚಿಸಬೇಕು. ಕೀಲಿಯನ್ನು ತಿಳಿದ ನೌಕರನು ಕೆಲಸ ಬಿಟ್ಟಾಗ ಹೊಸ ಕೀಲಿ ಬೇಕು. ಯಾವ ಸಾಲಿಗೆ ಯಾವ ಕೀಲಿ ಎಂಬುದಕ್ಕಾಗಿ ಕೋಷ್ಟಕದಲ್ಲಿ ಕೀಲಿಯ ಕ್ರಮಾಂಕದ ಕಾಲಂ ಮೊದಲೇ ಇದ್ದರೆ ಈ ಬದಲಾವಣೆ ಹಂತಹಂತವಾಗಿ ಸಾಧ್ಯ. ಹಾಗೆಂದು ಹಳೆಯ ಕೀಲಿಯನ್ನು ಎಸೆಯುವಂತಿಲ್ಲ. ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷಗಳ ಕಾಲ, ಜಿ.ಎಸ್.ಟಿ. ನೋಂದಾಯಿತರು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಗಡುವಿನಿಂದ 72 ತಿಂಗಳ ಕಾಲ ಕಾಯ್ದಿರಿಸಬೇಕು. ಅಷ್ಟು ವರ್ಷಗಳ ಬ್ಯಾಕಪ್‌ಗಳನ್ನು ತೆರೆಯಬಲ್ಲ ಕೀಲಿಗಳೆಲ್ಲವೂ, ಬ್ಯಾಕಪ್ ಇರುವ ಸ್ಥಳದಲ್ಲಿ ಅಲ್ಲದೆ ಬ್ಯಾಂಕ್ ಲಾಕರಿನಂಥ ಬೇರೊಂದು ಸ್ಥಳದಲ್ಲಿ, ಇಬ್ಬರು ಜವಾಬ್ದಾರರ ತಿಳಿವಳಿಕೆಯಲ್ಲಿ ಇರಬೇಕು. ವರ್ಷಕ್ಕೊಮ್ಮೆಯಾದರೂ ಹಳೆಯ ಬ್ಯಾಕಪ್ ಒಂದನ್ನು ಬೇರೆ ಯಂತ್ರದಲ್ಲಿ ಇಳಿಸಿ, ಆ ಕೀಲಿಯಿಂದ ನಾಲ್ಕಾರು ಖಾತೆಸಂಖ್ಯೆಗಳನ್ನು ತೆರೆದು, ಕಾಗದದ ಚೀಟಿಯೊಂದಿಗೆ ಹೋಲಿಸಿ ನೋಡತಕ್ಕದ್ದು.